ಆ ಫ್ಯಾನು ಯಾಕೆ ನಿಂತಿದೆ?

ಆಷಾಢದ ಒಂದು ಶನಿವಾರ ಚಿತ್ರದುರ್ಗದ ಕೋಟೆಯ ಮೇಲೆ, ಒಬ್ಬ ಅಜ್ಜಿಯ ಮುಂದೆ, ನಾವು ನಾಲ್ಕು ಜನ ಮರ್ಯಾದೆ ಕಳೆದುಕೊಂಡ ಕತೆ ಇದು.

ಕೋಟೆ ಹತ್ತಿ ಸುಸ್ತಾಗಿ ಬತೇರಿಯ ಹತ್ತಿರ ಬಂಡೆಯ ಮೇಲೆ ಕೂತಿದ್ದೆವು. ಅಲ್ಲಿಂದ ನೋಡಿದರೆ ಮೊದಲು ಬಂಡೆ, ಆಮೇಲೆ ಊರು, ಅದರಾಚೆ ಜೋಗಿಮಟ್ಟಿ ಕಡೆಯ ಗುಡ್ಡಗಳು. ಆ ಗುಡ್ಡಗಳ ನೆತ್ತಿಯ ಮೇಲೆ ಸಾಲಾಗಿ ನಿಂತ ಬಿಳಿ ಗಾಳಿಯಂತ್ರಗಳು. ಮದಕರಿ ನಾಯಕನ ಕೋಟೆ ನೋಡೋಕೆ ಬಂದವರು ಈಗ ಅರ್ಧ ಫೋಟೋಗಳನ್ನು ಈ ಯಂತ್ರಗಳ ಕಡೆ ಮುಖ ಮಾಡಿಯೇ ತೆಗೀತಾರೆ. ನಾವೂ ತೆಗೆದೆವು. ಸುಳ್ಳು ಯಾಕೆ ಹೇಳೋದು, ಒಂದು ರೀಲ್ ಕೂಡ ಮಾಡಿದೆವು.

ಪಕ್ಕದಲ್ಲಿ ದಾವಣಗೆರೆ ಕಡೆಯಿಂದ ಬಂದ ಒಂದು ಸಂಸಾರ ಮಂಡಕ್ಕಿ ಪೊಟ್ಟಣ ಬಿಚ್ಚಿಕೊಂಡು ಕೂತಿತ್ತು. ಅವರ ಜೊತೆಗಿದ್ದ ಅಜ್ಜಿ ನಮ್ಮನ್ನ ನೋಡಿ, ‘ಏನ್ ಓದ್ತೀರಪ್ಪಾ?’ ಅಂದರು.

‘ಇಂಜಿನಿಯರಿಂಗ್ ಅಜ್ಜಿ. ಇಬ್ಬರು ಎಲೆಕ್ಟ್ರಿಕಲ್, ಇಬ್ಬರು ಮೆಕ್ಯಾನಿಕಲ್.’

‘ಹಂಗಾರೆ ಹೇಳ್ರಿ. ಎಲ್ಲಾ ಫ್ಯಾನೂ ತಿರುಗ್ತಾವೆ, ಆ ಮೂರನೇದು ಯಾಕೆ ನಿಂತೈತೆ?’

ನಾವು ಮುಖ ಮುಖ ನೋಡಿಕೊಂಡೆವು. ಆರನೇ ಸೆಮಿಸ್ಟರ್‌ನಲ್ಲಿ ನವೀಕರಿಸಬಹುದಾದ ಇಂಧನ ಮೂಲಗಳ ಪೇಪರ್ ಬರೆದು ಪಾಸಾದವರು ನಾವು. ಹೇಳದೇ ಇದ್ದರೆ ಹೇಗೆ? ‘ಗಾಳಿ ಸಾಲ್ತಿಲ್ಲ ಅಜ್ಜಿ’ ಅಂದುಬಿಟ್ಟೆವು.

ಮಾತು ಮುಗಿಯೋ ಹೊತ್ತಿಗೆ ಒಂದು ಗಾಳಿ ಬೀಸಿ ಅಜ್ಜಿಯ ಸೆರಗು ತಲೆಯಿಂದ ಜಾರಿತು. ಪೊಟ್ಟಣದ ಮಂಡಕ್ಕಿ ಅರ್ಧ ಕೋಟೆಯ ಕೆಳಗೆ ಹಾರಿತು. ಅಜ್ಜಿ ಸೆರಗು ಸರಿ ಮಾಡಿಕೊಳ್ಳುತ್ತಾ, ‘ಇದು ಸಾಲ್ದಾ? ಓದ್ರಪ್ಪಾ, ಚೆನ್ನಾಗಿ ಓದ್ರಿ’ ಅಂತ ನಕ್ಕರು. ಅವರ ಮೊಮ್ಮಕ್ಕಳೂ ನಕ್ಕರು. ನಾವೂ ನಕ್ಕೆವು, ಬೇರೆ ದಾರಿ ಇರಲಿಲ್ಲ.

ನಮ್ಮ ನಾಲ್ವರಲ್ಲಿ ಒಬ್ಬ ಮಾತ್ರ ನಗಲಿಲ್ಲ. ಅವನು ಅದೇ ಊರ ಕಡೆಯವನು. ಆ ರಾತ್ರಿ ನಾವು ಉಳಿದುಕೊಳ್ಳಬೇಕಾಗಿದ್ದೂ ಅವನ ಮನೆಯಲ್ಲೇ. ಮೂರು ವರ್ಷದಿಂದ ಅವನು ನಮಗೆ ಹೇಳಿದ್ದಿಷ್ಟು: ‘ನಮ್ಮಪ್ಪ ವಿಂಡ್ ಕಂಪನಿಯಲ್ಲಿದ್ದಾರೆ.’ ನಾವು ಇಂಜಿನಿಯರ್ ಇರಬೇಕು ಅಂದುಕೊಂಡಿದ್ದೆವು. ಇಳಿಯುವಾಗ ಮದ್ದು ಬೀಸುವ ಕಲ್ಲುಗಳ ಹತ್ತಿರ ನಿಂತು ಅವನು ಮೆಲ್ಲಗೆ, ‘ಅಪ್ಪಾಜಿ ಅಲ್ಲಿ ವಾಚ್‌ಮನ್ ಕಣ್ರೋ’ ಅಂದ. ಕೇಳಿದ ನಮಗೆ ಏನೂ ಅನ್ನಿಸಲಿಲ್ಲ, ಹೇಳಿದ ಅವನಿಗೆ ತುಂಬಾ ಅನ್ನಿಸಿತ್ತು. (ಈ ಬರಹ ಓದಿ ಅವನೇ, ‘ಇರಲಿ ಬಿಡಿ, ತೆಗೀಬೇಡಿ’ ಅಂದಿದ್ದಾನೆ.)

ಆ ಕಲ್ಲುಗಳ ಬಗ್ಗೆ ಒಂದು ಮಾತು. ಕೋಟೆಯ ಒಳಗೆ ಒಂದು ದೊಡ್ಡ ಗುಂಡಿಯಲ್ಲಿ ನಾಲ್ಕು ಭಾರೀ ಬೀಸುವ ಕಲ್ಲುಗಳಿವೆ. ಕೋವಿಮದ್ದು ಬೀಸೋಕೆ ಇಟ್ಟಿದ್ದು, ಆನೆ ಕಟ್ಟಿ ತಿರುಗಿಸ್ತಿದ್ದರು ಅಂತ ಗೈಡ್‌ಗಳು ಹೇಳ್ತಾರೆ. ಕನ್ನಡದಲ್ಲಿ ರಾಗಿಯನ್ನೂ ಬೀಸ್ತೀವಿ, ಗಾಳಿಯೂ ಬೀಸುತ್ತೆ. ಬೇರೆ ದೇಶಗಳಲ್ಲಿ ಗಾಳಿಯಿಂದಲೇ ಕಾಳು ಬೀಸಿಸಿಕೊಂಡರು, ನಮ್ಮಲ್ಲಿ ಆ ಕೆಲಸ ಅಜ್ಜಿಯರ ರಟ್ಟೆಗೇ ಉಳಿಯಿತು. ನಾವು ಗಾಳಿಯನ್ನು ಬಳಸಿದ್ದು ಕಣದಲ್ಲಿ, ತೂರೋದಕ್ಕೆ. ‘ಗಾಳಿ ಬಂದಾಗ ತೂರಿಕೋ’ ಅಂತ ಗಾದೆಯನ್ನೇ ಮಾಡಿಕೊಂಡೆವು. ಆ ಗಾದೆಯಲ್ಲಿ ಪವನಶಕ್ತಿಯ ಅರ್ಧ ಪಾಠ ಇದೆ ಅಂತ ನಮಗೆ ಗೊತ್ತಾಗಿದ್ದು ಮಾರನೇ ದಿನ.

ರಾತ್ರಿ ಮುದ್ದೆ, ಸೊಪ್ಪಿನ ಸಾರು ಉಣ್ಣುವಾಗ ಅಜ್ಜಿಯ ಪ್ರಶ್ನೆಯನ್ನು ಅಪ್ಪಾಜಿಯ ಮುಂದಿಟ್ಟೆವು. ಅವನು ಅಪ್ಪಾಜಿ ಅನ್ನುತ್ತಿದ್ದುದರಿಂದ ನಮಗೂ ಅಪ್ಪಾಜಿಯೇ. ಅವರು ಕೈ ನಿಲ್ಲಿಸಿ ನಮ್ಮನ್ನೆಲ್ಲ ಒಂದು ಸಲ ನೋಡಿದರು. ‘ನೀವೇನಂದ್ರಿ?’

‘ಗಾಳಿ ಸಾಲ್ತಿಲ್ಲ ಅಂದ್ವಿ.’

‘ಆಷಾಢದಾಗ?’

ಅದಕ್ಕಿಂತ ಹೆಚ್ಚು ಅವರು ಬೈಯಲಿಲ್ಲ. ‘ಬೆಳಿಗ್ಗೆ ಐದಕ್ಕೆ ಏಳ್ರಿ’ ಅಂದರು.

ಬೆಳಿಗ್ಗೆ ಅವರ ಹಿಂದೆ ಗುಡ್ಡ ಹತ್ತಿದೆವು. ದೂರದಿಂದ ಕಡ್ಡಿಯ ಹಾಗೆ ಕಾಣುವ ಯಂತ್ರದ ಬುಡ, ಹತ್ತಿರ ಹೋದರೆ ನಮ್ಮ ಹಾಸ್ಟೆಲ್ ರೂಮಿನಷ್ಟು ಅಗಲ. ಬೇಲಿಯ ಆಚೆಯೇ ನಿಂತು ತಲೆ ಎತ್ತಿ ನೋಡಿದೆವು. ಪ್ರತಿ ರೆಕ್ಕೆ ಕೆಳಗೆ ಬಂದಾಗ ಒಂದು ‘ಹ್ಹೂಶ್’, ಅದರ ಹಿಂದೆಯೇ ಇನ್ನೊಂದು. ನೆರಳು ಮೆಕ್ಕೆಜೋಳದ ಹೊಲದ ಮೇಲೆ ಓಡಿ ಬಂದು ನಮ್ಮನ್ನು ದಾಟಿ ಹೋಗುತ್ತಿತ್ತು. ಪ್ರತಿ ಸಲವೂ ನಮಗೆ ಅರಿವಿಲ್ಲದೆ ತಲೆ ತಗ್ಗಿಸುತ್ತಿದ್ದೆವು.

ಕೋಟೆಯಿಂದ ಸೋಮಾರಿಯಾಗಿ ತಿರುಗುವಂತೆ ಕಾಣುತ್ತಿತ್ತಲ್ಲ, ಆ ವೇಗವನ್ನ ಲೆಕ್ಕ ಹಾಕೋಣ ಅಂತ ಗಡಿಯಾರ ಹಿಡಿದೆವು. ನಿಮಿಷಕ್ಕೆ 15 ಸುತ್ತು. ರೆಕ್ಕೆಯ ಉದ್ದ ನಲವತ್ತು ಮೀಟರ್ ಅಂತ ಅಪ್ಪಾಜಿ ಹೇಳಿದರು. ತುದಿ ಒಂದು ಸುತ್ತಿಗೆ ಸುಮಾರು 250 ಮೀಟರ್ ಓಡಬೇಕು, ನಿಮಿಷಕ್ಕೆ 3,750 ಮೀಟರ್. ಅಂದರೆ ಗಂಟೆಗೆ 225 ಕಿಲೋಮೀಟರ್! ಕೆಳಗೆ ಹೆದ್ದಾರಿಯಲ್ಲಿ ಓಡುವ ಯಾವ ಬಸ್ಸೂ ಅದರ ಅರ್ಧ ವೇಗದಲ್ಲೂ ಇರಲಿಲ್ಲ.

ಆಮೇಲೆ ಗಾಳಿಯ ಲೆಕ್ಕ. ರೆಕ್ಕೆಗಳು ಬಳಿಯುವ ವೃತ್ತದ ವಿಸ್ತೀರ್ಣ ಸುಮಾರು 5,000 ಚದರ ಮೀಟರ್. ಗಾಳಿ ಸೆಕೆಂಡಿಗೆ 8 ಮೀಟರ್ ವೇಗದಲ್ಲಿದ್ದರೆ ಆ ವೃತ್ತದೊಳಗೆ ಪ್ರತಿ ಸೆಕೆಂಡಿಗೆ ನುಗ್ಗುವ ಗಾಳಿಯ ತೂಕ ಸುಮಾರು 45 ಟನ್. ಕೋಟೆಯ ಕಲ್ಲು ತಿರುಗಿಸೋಕೆ ಆನೆ ಕಟ್ಟುತ್ತಿದ್ದರು ಅಂದೆವಲ್ಲ, ಇಲ್ಲಿ ಸೆಕೆಂಡಿಗೆ ಹತ್ತು ಆನೆ ತೂಕದ ಗಾಳಿ ಬಂದು ಹೋಗುತ್ತೆ. ಆ ಗಾಳಿಯಲ್ಲಿರುವ ಶಕ್ತಿ 1.4 ಮೆಗಾವ್ಯಾಟ್. ಪೂರ್ತಿ ಹಿಡಿಯೋಕಾಗಲ್ಲ. ಪೂರ್ತಿ ಹಿಡಿದರೆ ಗಾಳಿ ಅಲ್ಲೇ ನಿಂತುಬಿಡುತ್ತೆ, ಹಿಂದಿನಿಂದ ಬರೋದಕ್ಕೆ ಜಾಗವೇ ಇರಲ್ಲ. ಶೇ. 59.3ಕ್ಕಿಂತ ಹೆಚ್ಚು ಯಾವ ಯಂತ್ರವೂ ಹಿಡಿಯಲಾರದು ಅಂತ ಜರ್ಮನಿಯ ಆಲ್ಬರ್ಟ್ ಬೆಟ್ಜ್ ನೂರು ವರ್ಷದ ಹಿಂದೆಯೇ ತೋರಿಸಿದ್ದ. ನಿಜವಾಗಿ ನಮಗೆ ಸಿಗೋದು 0.6 ಮೆಗಾವ್ಯಾಟ್ ಆಸುಪಾಸು. ಗಾಳಿಯ ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ, ಯಾಕಂದರೆ ಅದು ವೇಗದ ಘನದ ಲೆಕ್ಕ. ಇದನ್ನೆಲ್ಲ ಪರೀಕ್ಷೆಯಲ್ಲಿ ಎಂಟು ಮಾರ್ಕಿಗೆ ಬರೆದಿದ್ದೆವು. ಅಲ್ಲಿ ನಿಂತು ತಲೆ ತಗ್ಗಿಸಿದಾಗಲೇ ಅದು ಮೈಗೆ ತಾಗಿದ್ದು.

ಅಪ್ಪಾಜಿಗೆ ಘನವೂ ಗೊತ್ತಿಲ್ಲ, ಬೆಟ್ಜೂ ಗೊತ್ತಿಲ್ಲ. ಆದರೆ ಹದಿನೈದು ವರ್ಷ ಅದರ ಬುಡದಲ್ಲಿ ಕೂತವರು. ಮೇಲಿನ ಭಾಗವನ್ನು ನಾವು ನೆಸೆಲ್ ಅಂತ ಓದಿದ್ದೆವು, ಅವರಿಗೆ ಅದು ‘ಡಬ್ಬಿ’. ಫ್ಯಾನು ಯಾಕೆ ನಿಲ್ಲುತ್ತೆ ಅನ್ನೋದನ್ನ ಅವರು ಬೆರಳು ಮಡಚಿ ಮಡಚಿ ಹೇಳಿದರು.

‘ಒಂದು, ಗಾಳಿ ಇಲ್ಲ. ಅದು ಚಳಿಗಾಲದ ಮಾತು. ಮೂಡಗಾಳಿ ಸಣ್ಣಗೆ ಬರೋವಾಗ ಎಲ್ಲಾ ಮಲಗಿರ್ತಾವೆ. ಎರಡು, ಗಾಳಿ ಜಾಸ್ತಿ. ಜೋರು ಬಿರುಗಾಳಿ ಬಂದ್ರೆ ರೆಕ್ಕೆ ಒರೆ ಮಾಡ್ಕಂಡು ಗಾಳಿಗೆ ಬೆನ್ನು ಕೊಡದಂಗೆ ನಿಂತ್ಕಂತೈತೆ, ಇಲ್ದಿದ್ರೆ ಮುರೀತೈತೆ. ಮೂರು, ಜಡೆ ಬಿಚ್ಕಳದು.’

‘ಜಡೆನಾ?’

‘ಡಬ್ಬಿ ಗಾಳಿ ಬಂದ ಕಡೆಗೆ ಮುಖ ತಿರುಗಿಸ್ತಾ ಇರ್ತೈತಲ್ಲ, ಒಳಗಿನ ಕೇಬಲ್ಲು ಹುರಿ ಆಗ್ತಾ ಹೋಗ್ತೈತೆ. ಹೆಣ್ಮಕ್ಳು ಜಡೆ ಹಾಕ್ಕಂಡಂಗೆ. ಒಂದೆರಡು ಮೂರು ಸುತ್ತು ಆದ್ಮ್ಯಾಲೆ ನಿಂತ್ಕಂಡು ಉಲ್ಟಾ ತಿರುಗಿ ಬಿಚ್ಕಂತೈತೆ. ಅರ್ಧ ಗಂಟೆ, ಆಮೇಲೆ ಮತ್ತೆ ಶುರು.’

ಈ ಜಡೆಯ ವಿಷಯ ಪುಸ್ತಕದಲ್ಲಿ ಒಂದೇ ಸಾಲಲ್ಲಿತ್ತು. ಎಲೆಕ್ಟ್ರಿಕಲ್‌ನ ಇಬ್ಬರೂ ಅದನ್ನ ಓದಿ ಮುಂದೆ ಹೋಗಿದ್ದರು.

‘ನಾಕು, ಮೇಲಿಂದ ಫೋನು ಬರ್ತೈತೆ. ಲೈನಿನಾಗ ಕರೆಂಟ್ ಜಾಸ್ತಿ ಆಗೈತೆ, ನಿಲ್ಸಿ ಅಂತಾರೆ. ಐದು, ರಿಪೇರಿ. ನಿನ್ನೆ ನೀವು ನೋಡಿದ್ದು ಅದು. ಗೇರ್‌ಬಾಕ್ಸ್ ಹೋಗೈತೆ. ಕ್ರೇನು ಬರಬೇಕು, ಮಳೆಗೆ ರೋಡು ಕಿತ್ತೈತೆ. ತಿಂಗಳ ಮ್ಯಾಲಾತು.’

ಅಜ್ಜಿಯ ಪ್ರಶ್ನೆಗೆ ಉತ್ತರ ಇಷ್ಟೇ. ರೆಕ್ಕೆ ನಿಮಿಷಕ್ಕೆ ತಿರುಗೋದು 15 ಸುತ್ತು, ಜನರೇಟರಿಗೆ ಬೇಕಾದದ್ದು ಸುಮಾರು 1,500 ಸುತ್ತು. ಮಧ್ಯದಲ್ಲಿ ಅದನ್ನ ನೂರು ಪಟ್ಟು ಮಾಡಿ ಕೊಡುವ ಗೇರ್‌ಬಾಕ್ಸ್ ಮೇಲೆ ಎಷ್ಟು ಭಾರ ಬೀಳುತ್ತೆ ಅನ್ನೋದು ಮೆಕ್ಯಾನಿಕಲ್‌ನವರಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಆಷಾಢದಲ್ಲಿ, ಅಂದರೆ ವರ್ಷದಲ್ಲೇ ಹೆಚ್ಚು ಗಾಳಿ ಬರುವ ತಿಂಗಳಲ್ಲಿ, ಒಂದು ಫ್ಯಾನು ರಸ್ತೆ ಸರಿಯಿಲ್ಲದ್ದಕ್ಕೆ ನಿಂತಿದೆ. ಗಾಳಿ ಬಂದಾಗ ತೂರಿಕೊಳ್ಳೋಕೆ ಮೊರ ಮುರಿದಿದೆ.

ನಾವು ಬುಡದಲ್ಲಿ ನಿಂತಿರುವಾಗಲೇ ಎರಡು ಕಾರು, ಐದಾರು ಬೈಕು ಬಂದವು. ಭಾನುವಾರ ಅಲ್ಲವೇ. ಒಬ್ಬ ಬೇಲಿ ಹಾರಲು ನೋಡಿದ, ಅಪ್ಪಾಜಿ ವಿಸಿಲ್ ಊದಿದರು. ಇನ್ನೊಬ್ಬ ಡ್ರೋನ್ ತೆಗೆದ, ಮತ್ತೆ ವಿಸಿಲ್. ಟ್ರಾನ್ಸ್‌ಫಾರ್ಮರ್ ಬಾಕ್ಸಿಗೆ ಒರಗಿಕೊಂಡು ಫೋಟೋ ತೆಗೆಸಿಕೊಳ್ಳೋಕೆ ನೋಡಿದವರಿಗೆ, ‘ಮೂವತ್ಮೂರು ಸಾವಿರ ವೋಲ್ಟ್ ಐತೆ ಕಣಮ್ಮಾ, ಈ ಕಡೆ ಬಾ’ ಅಂದರು. ಅವರ ಡ್ಯೂಟಿಯ ಅರ್ಧ ಭಾಗ ಯಂತ್ರ ಕಾಯೋದು, ಇನ್ನರ್ಧ ಅದನ್ನು ನೋಡೋಕೆ ಬಂದವರನ್ನ ಕಾಯೋದು. ಎಲ್ಲರೂ ಹೋದ ಮೇಲೆ ನೀರಿನ ಬಾಟಲಿ, ಚಿಪ್ಸ್ ಕವರು ಆರಿಸಿ ಚೀಲಕ್ಕೆ ತುಂಬಿದರು. ನಾವೂ ಕೈ ಸೇರಿಸಿದೆವು. ಹಿಂದಿನ ದಿನದ ನಮ್ಮ ರೀಲ್ ನೆನಪಾಗಿ ಸ್ವಲ್ಪ ಜಾಸ್ತಿಯೇ ಆರಿಸಿದೆವು.

ಬಂದವರನ್ನ ಬೈಯೋದು ಸುಲಭ. ಆದರೆ ಅಲ್ಲಿ ಒಂದೇ ಒಂದು ಫಲಕ ಇತ್ತು, ಅದರಲ್ಲಿ ‘ಅಪಾಯ’ ಅಂತ ಬಿಟ್ಟರೆ ಇನ್ನೇನೂ ಇರಲಿಲ್ಲ. ಇದೇನು, ಹೇಗೆ ತಿರುಗುತ್ತೆ, ಯಾಕೆ ನಿಂತಿದೆ ಅಂತ ಹೇಳುವ ಒಂದು ಸಾಲೂ ಇಲ್ಲ. ಜನ ಫೋಟೋ ತೆಗೆಯದೆ ಇನ್ನೇನು ಮಾಡಬೇಕು?

ವಿದ್ಯುತ್ ಹುಟ್ಟುವ ಜಾಗವನ್ನು ನೋಡೋಕೆ ಹೋಗೋದು ನಮ್ಮ ಜನಕ್ಕೆ ಹೊಸದಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹರಿಸಿದ ನಾಡು ಇದು. ಪ್ರೈಮರಿ ಸ್ಕೂಲಿನ ಟ್ರಿಪ್ಪಿನಲ್ಲಿ ಕೆಆರ್‌ಎಸ್ ನೋಡದವರು ನಮ್ಮ ಕ್ಲಾಸಿನಲ್ಲಿ ಎಷ್ಟು ಜನ ಇದ್ದೀರಿ? ಅಣೆಕಟ್ಟಿನ ಕೆಳಗೆ ಬೃಂದಾವನ ಮಾಡಿದ್ದರಿಂದ ಕಲ್ಲುಗಾರೆಯ ಕಟ್ಟೆ ಕೂಡ ಪ್ರವಾಸದ ಜಾಗ ಆಯಿತು. ಜೋಗಕ್ಕೆ ಹೋದರೆ ಎಲ್ಲರೂ ಕೇಳೋದು ಒಂದೇ, ‘ನೀರು ಯಾವಾಗ ಬಿಡ್ತಾರೆ?’ ಆ ನೀರು ಎಲ್ಲಿಗೆ ಹೋಯಿತು ಅಂತ ಕೇಳುವವರು ಕಡಿಮೆ.

ನಮ್ಮ ನಾಲ್ವರಲ್ಲಿ ಒಬ್ಬಳು ಸಾಗರದ ಕಡೆಯವಳು. ಅವಳ ಅಜ್ಜನ ಊರು ಶರಾವತಿಯ ಮುಳುಗಡೆಯಲ್ಲಿ ಹೋಯಿತು. 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಮುಗಿದ ಮೇಲೆ ತೋಟ, ಮನೆ, ದೇವಸ್ಥಾನ ಎಲ್ಲ ನೀರಿನ ಕೆಳಗೆ. ಅವಳು ಬೇಲಿಯ ಅಂಚಿನ ತನಕ ಬೆಳೆದು ನಿಂತಿದ್ದ ಮೆಕ್ಕೆಜೋಳವನ್ನ ಬಹಳ ಹೊತ್ತು ನೋಡುತ್ತಿದ್ದಳು. ‘ಇದರ ಕೆಳಗೆ ಬಿತ್ತಬಹುದಲ್ಲ, ಅದೇ ದೊಡ್ಡದು’ ಅಂದಳು. ಅದನ್ನು ನಾವು ಯಾರೂ ಯೋಚಿಸಿರಲಿಲ್ಲ. ಫ್ಯಾನು ಯಾವ ಊರನ್ನೂ ಮುಳುಗಿಸಲ್ಲ. ರಾಯಚೂರಿನ ಶಕ್ತಿನಗರದ ಹಾಗೆ ಬೂದಿ ಗುಡ್ಡೆ ಹಾಕಲ್ಲ. ಅದನ್ನ ತಯಾರಿಸಿ, ಸಾಗಿಸಿ, ನಿಲ್ಲಿಸೋಕೆ ಖರ್ಚಾದಷ್ಟು ಶಕ್ತಿಯನ್ನು ಅದು ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲೇ ತೀರಿಸಿಬಿಡುತ್ತೆ. ಆಮೇಲೆ ಇಪ್ಪತ್ತು ವರ್ಷ ದುಡಿಯುತ್ತೆ. ಸಾಲ ಅಷ್ಟು ಬೇಗ ತೀರಿಸುವವರು ನಮ್ಮಲ್ಲಿ ಯಾರಿದ್ದಾರೆ?

ಆದರೆ ಗೆಳೆಯನ ಮಾತು ಬೇರೆ ಇತ್ತು. ವಾಪಸ್ ಇಳಿಯುವಾಗ ಒಂದು ತಿರುವಿನಲ್ಲಿ ನಿಂತು, ‘ಈ ರೋಡು ಇದೆಯಲ್ಲ, ಇದು ನಮ್ಮಜ್ಜನ ಹೊಲ’ ಅಂದ. ಎರಡು ಎಕರೆ ಖುಷ್ಕಿ ಜಮೀನು, ಕಡಲೆಕಾಯಿ ಹಾಕುತ್ತಿದ್ದರಂತೆ. ರೆಕ್ಕೆ ಹೊತ್ತ ಉದ್ದನೆಯ ಲಾರಿ ತಿರುಗೋಕೆ ಅಗಲ ರಸ್ತೆ ಬೇಕಿತ್ತು. ಏಜೆಂಟರು ಬಂದರು, ಅಜ್ಜ ಮಾರಿದರು. ಆ ಕಾಲಕ್ಕೆ ಅದು ದೊಡ್ಡ ದುಡ್ಡೇ. ಅದರಲ್ಲಿ ಎರಡು ಬೋರು ಕೊರೆಸಿದರು. ಒಂದರಲ್ಲಿ ಧೂಳು ಬಂತು, ಇನ್ನೊಂದರಲ್ಲಿ ಎರಡು ವರ್ಷ ನೀರು ಬಂತು. ಅಲ್ಲಿಗೆ ದುಡ್ಡೂ ಮುಗಿಯಿತು, ಹೊಲವೂ ಹೋಯಿತು. ಫ್ಯಾನು ಮಾತ್ರ ತಿರುಗುತ್ತಲೇ ಇದೆ.

‘ಯಾರೂ ಮೋಸ ಮಾಡ್ಲಿಲ್ಲ ಬಿಡ್ರಪ್ಪಾ. ಕಾಗದ ಎಲ್ಲ ಸರಿಯಾಗೇ ಐತೆ. ಇದೇ ಕೆಲಸದ ಸಂಬಳದಾಗ ಇವನ್ನ ಓದಿಸ್ತಾ ಇದ್ದೀನಿ. ಈ ರೋಡಾದ ಮ್ಯಾಲೇ ಮೇಲಿನ ಹಟ್ಟಿಗೆ ಆಟೋ ಬರೋದು’ ಅಂದರು ಅಪ್ಪಾಜಿ. ಸ್ವಲ್ಪ ಹೊತ್ತು ಬಿಟ್ಟು, ‘ಆದ್ರೆ ನೋಡು, ನಮ್ಮನ್ಯಾಗೆ ಎರಡು ಎಮ್ಮೆ ಐತೆ. ಡೇರಿಗೆ ಹಾಲು ಹಾಕ್ತೀವಿ. ಡೇರಿನಾಗ ನಂದೂ ಒಂದು ಷೇರೈತೆ, ಬೋನಸ್ಸು ಬರ್ತೈತೆ, ಮೀಟಿಂಗ್‌ನಾಗ ಎದ್ದು ಮಾತಾಡ್ತೀನಿ. ಗಾಳಿನಾಗ ನಂದೇನೂ ಇಲ್ಲ’ ಅಂದರು.

ಆ ಮಾತು ನಮ್ಮ ಜೊತೆ ಬಸ್ಸು ಹತ್ತಿ ಬೆಂಗಳೂರಿನ ತನಕ ಬಂತು. ಹಾಸ್ಟೆಲ್ಲಿಗೆ ಬಂದ ಮೇಲೆ ಹುಡುಕಿ ಓದಿದೆವು. ಡೆನ್ಮಾರ್ಕಿನ ಕೋಪನ್‌ಹೇಗನ್ ಊರಿನ ಎದುರಿಗೆ ಸಮುದ್ರದಲ್ಲಿ ಮಿಡಲ್‌ಗ್ರುಂಡನ್ ಅನ್ನೋ ಕಡೆ 20 ಫ್ಯಾನುಗಳ ಸಾಲಿದೆ, 2000ನೇ ಇಸವಿಯಲ್ಲಿ ನಿಲ್ಲಿಸಿದ್ದು. ಅದರಲ್ಲಿ ಅರ್ಧ ಒಂದು ಸಹಕಾರ ಸಂಘದ್ದು, ಎಂಟು ಸಾವಿರಕ್ಕೂ ಹೆಚ್ಚು ಜನ ಷೇರು ಹಾಕಿದ್ದಾರೆ. ನಮ್ಮ ಹಾಲಿನ ಡೇರಿಯ ಹಾಗೆಯೇ. ಜನ ದೋಣಿಯಲ್ಲಿ ಅದನ್ನ ನೋಡೋಕೆ ಹೋಗ್ತಾರೆ, ಕೆಲವರು ತಮ್ಮದೇ ಆಸ್ತಿ ನೋಡೋಕೆ! ಸ್ಕಾಟ್ಲೆಂಡಿನ ಗ್ಲಾಸ್ಗೋ ಹತ್ತಿರ ವೈಟ್‌ಲೀ ಅಂತ ಇದೆ, 215 ಫ್ಯಾನು. 2009ರಿಂದ ಅಲ್ಲಿ ಪ್ರವಾಸಿಗರಿಗೇ ಒಂದು ಕೇಂದ್ರ ಇದೆ, ಶಾಲೆಯ ಮಕ್ಕಳಿಗೆ ಯಂತ್ರದ ಒಳಗನ್ನ ಮಾದರಿಗಳಲ್ಲಿ ತೋರಿಸ್ತಾರೆ. ಫ್ಯಾನುಗಳ ನಡುವೆ ನಡೆಯೋಕೆ, ಸೈಕಲ್ ಹೊಡೆಯೋಕೆ 130 ಕಿಲೋಮೀಟರ್ ದಾರಿ ಇದೆ. ನೋಡುವವರಿಗೆ ಏನು ನೋಡುತ್ತಿದ್ದೇವೆ ಅಂತ ಹೇಳೋದೂ ಕೆಲಸದ ಒಂದು ಭಾಗ ಅಂದುಕೊಂಡವರು ಅವರು.

ಅಷ್ಟು ದೂರ ಯಾಕೆ, ಪಕ್ಕದ ಪಾವಗಡದ ಸೋಲಾರ್ ಪಾರ್ಕ್ ನೋಡಿ. 2,050 ಮೆಗಾವ್ಯಾಟ್. ಅಲ್ಲಿ ರೈತರ ಜಮೀನನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಅಲ್ಲೂ ಜಮೀನೇ ಇಲ್ಲದ ಕೂಲಿಯವರಿಗೆ ಗುತ್ತಿಗೆ ಹಣ ಇಲ್ಲ, ಮೊದಲಿದ್ದ ಹೊಲದ ಕೂಲಿಯೂ ಇಲ್ಲ. ಪೂರ್ತಿ ನ್ಯಾಯ ಅಂತ ಹೇಳೋಕಾಗಲ್ಲ. ಆದರೆ ಜಮೀನಿನ ಹೆಸರು ಇನ್ನೂ ರೈತರದ್ದೇ. ಗೆಳೆಯನ ಅಜ್ಜನಿಗೆ ಇಂಥದ್ದೊಂದು ಕಾಗದ ಸಿಕ್ಕಿದ್ದರೆ ಅಂತ ನಮಗೆ ಅನ್ನಿಸದೇ ಇರಲಿಲ್ಲ.

ಇನ್ನೊಂದು ಲೆಕ್ಕವೂ ಇದೆ, ಅದು ಹಕ್ಕಿಗಳದ್ದು. ‘ಬೆಳಿಗ್ಗೆ ಬುಡದಾಗ ಒಂದೊಂದ್ಸಲ ಬಾವಲಿ ಬಿದ್ದಿರ್ತಾವೆ’ ಅಂತ ಅಪ್ಪಾಜಿ ಹೇಳಿದ್ದರು. ಇದೇ ಹೆದ್ದಾರಿಯಲ್ಲಿ ಮುಂದೆ ಹೋದರೆ ಮಹಾರಾಷ್ಟ್ರದ ಸಾತಾರಾ ಸಿಗುತ್ತೆ. ಅದರ ಹತ್ತಿರದ ಚಾಳಕೇವಾಡಿ ಪ್ರಸ್ಥಭೂಮಿಯ ಫ್ಯಾನುಗಳನ್ನು ನೋಡೋಕೂ ಜನ ಸೇರ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಥಾಕರ್ ಮತ್ತು ಜೊತೆಗಾರರು ಅಲ್ಲಿ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಫ್ಯಾನು ಇರುವ ಕಡೆ ಬೇಟೆಯ ಹಕ್ಕಿಗಳು, ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ. ಹದ್ದು ಗಿಡುಗಗಳ ಕಾಟ ತಪ್ಪಿದ್ದಕ್ಕೆ ಗಂಟಲಿನ ಕೆಳಗೆ ಬಣ್ಣದ ಬೀಸಣಿಗೆ ಬಿಚ್ಚುವ ಒಂದು ಜಾತಿಯ ಓತಿಕ್ಯಾತಗಳು ಹೆಚ್ಚಿವೆ. ಅವಕ್ಕೆ ಹೆದರಿಕೆ ಕಡಿಮೆಯಾಗಿದೆ, ಆದರೆ ಮೈ ಬಡಕಲಾಗಿದೆ. ಅಂದರೆ ಗುಡ್ಡದ ಮೇಲೆ ನಾವು ನಿಲ್ಲಿಸಿದ ಯಂತ್ರ ಅಲ್ಲಿನ ಓತಿಕ್ಯಾತದ ಸ್ವಭಾವವನ್ನೂ ಬದಲಿಸುತ್ತೆ. ಇದನ್ನ ಓದಿದ ಮೇಲೆ ‘ಹಸಿರು ವಿದ್ಯುತ್’ ಅನ್ನೋ ಪದವನ್ನು ನಾವು ಸ್ವಲ್ಪ ಯೋಚಿಸಿ ಬಳಸ್ತಾ ಇದ್ದೇವೆ.

ಹಾಗಂತ ಫ್ಯಾನು ಬೇಡ ಅನ್ನೋದಲ್ಲ. 2025ರ ಮಾರ್ಚ್ ಹೊತ್ತಿಗೆ ದೇಶದ ಪವನ ವಿದ್ಯುತ್ ಸಾಮರ್ಥ್ಯ 50 ಗಿಗಾವ್ಯಾಟ್ ದಾಟಿದೆ. ಆ ಒಂದು ವರ್ಷದಲ್ಲಿ ಅತಿ ಹೆಚ್ಚು ಸೇರಿಸಿದ ರಾಜ್ಯ ನಮ್ಮದೇ, 1,300 ಮೆಗಾವ್ಯಾಟಿಗೂ ಹೆಚ್ಚು. ಸಾಮರ್ಥ್ಯ ಅಂದರೆ ವರ್ಷವಿಡೀ ಅಷ್ಟು ಬರುತ್ತೆ ಅಂತಲ್ಲ, ಸರಾಸರಿ ಅದರ ಕಾಲು ಭಾಗದ ಸುತ್ತಮುತ್ತ ಸಿಕ್ಕರೆ ಒಳ್ಳೆಯದು. ಆದರೆ ಅದು ಬರುವ ಹೊತ್ತು ನೋಡಿ. ಮೋಡ ಮುಚ್ಚಿ ಸೋಲಾರ್ ಮಂಕಾಗುವ ಆಷಾಢ ಶ್ರಾವಣದಲ್ಲೇ ಗಾಳಿ ಜೋರು. ಸೂರ್ಯ ಮುಳುಗಿ ಪಾವಗಡ ಮಲಗಿದ ಮೇಲೂ ದುರ್ಗದ ಗುಡ್ಡದಲ್ಲಿ ಫ್ಯಾನು ತಿರುಗುತ್ತಿರುತ್ತೆ. ಒಂದಿಲ್ಲದಾಗ ಇನ್ನೊಂದು. ಕಷ್ಟ ಇರೋದು ಎರಡೂ ಇದ್ದಾಗ, ಎರಡೂ ಇಲ್ಲದಾಗ. ತೂರಿದ ಕಾಳನ್ನ ಹಗೇವಿನಲ್ಲಿ ತುಂಬಿಡಬಹುದು, ಕರೆಂಟಿಗೆ ಹಗೇವು ಎಲ್ಲಿದೆ? ಬ್ಯಾಟರಿ ದುಬಾರಿ. ನೀರನ್ನ ಮೇಲಕ್ಕೆತ್ತಿ ಇಟ್ಟುಕೊಳ್ಳುವ 2,000 ಮೆಗಾವ್ಯಾಟ್ ಯೋಜನೆಯೊಂದನ್ನ ಮತ್ತೆ ಶರಾವತಿ ಕಣಿವೆಯಲ್ಲೇ ಮಾಡಬೇಕು ಅಂತಿದ್ದಾರೆ, ಅಲ್ಲಿ ಸಿಂಗಳೀಕಗಳ ಕಾಡಿದೆ. ಸಾಗರದವಳಿಗೆ ಈ ಸುದ್ದಿ ತೋರಿಸಿದಾಗ ಅವಳು ಏನೂ ಹೇಳದೆ ಫೋನು ವಾಪಸ್ ಕೊಟ್ಟಳು.

ನಾವು ನಾಲ್ವರೂ ಮುಂದಿನ ವರ್ಷ ಪ್ಲೇಸ್‌ಮೆಂಟಿಗೆ ಕೂರುವವರು. ಇಂಥ ಕಂಪನಿಗಳೂ ಕ್ಯಾಂಪಸ್ಸಿಗೆ ಬರ್ತವೆ. ಸಿಕ್ಕರೆ ನಾವು ಬೆಂಗಳೂರಿನಲ್ಲಿ ಎಸಿ ರೂಮಿನಲ್ಲಿ ಕೂತು ದುರ್ಗದ ಫ್ಯಾನನ್ನ ಸ್ಕ್ರೀನಿನ ಮೇಲೆ ನೋಡುವವರಾಗ್ತೀವಿ. ಸ್ಕ್ರೀನಿನಲ್ಲಿ ಅದೊಂದು ಹಸಿರು ಚುಕ್ಕಿ, ಇಲ್ಲವೇ ಕೆಂಪು ಚುಕ್ಕಿ. ಅಪ್ಪಾಜಿಯನ್ನ ‘ಅಲ್ಲಿಗೆ ಬರೋ ಇಂಜಿನಿಯರುಗಳು ಹೇಗೆ?’ ಅಂತ ಕೇಳಿದ್ದೆವು. ‘ಒಳ್ಳೇರೇ. ಜೀಪಿನಾಗ ಬರ್ತಾರೆ, ಲ್ಯಾಪ್‌ಟಾಪ್ ಚುಚ್ತಾರೆ, ಹೋಗ್ತಾರೆ. ಯಾಕೆ ನಿಂತೈತೆ ಸಾರ್ ಅಂದ್ರೆ, ಏನೋ ಇಂಗ್ಲೀಷ್ನಾಗ ಅಂತಾರೆ’ ಅಂದಿದ್ದರು. ಅಪ್ಪಾಜಿಗೆ ಹೀಗೆ ಹೇಳಿ ಹೋದವರಿಗೂ, ಅಜ್ಜಿಗೆ ಗಾಳಿ ಸಾಲ್ತಿಲ್ಲ ಅಂದ ನಮಗೂ ಏನು ವ್ಯತ್ಯಾಸ ಅಂತ ನಾವು ಬಹಳ ಹೊತ್ತು ಮಾತಾಡಿದೆವು. ಹೆಚ್ಚೇನೂ ಸಿಗಲಿಲ್ಲ.

ಕೊನೆಗೆ ನಮ್ಮ ಕೈಲಾದದ್ದು ಒಂದು ಹಾಳೆ. ಫ್ಯಾನು ಯಾಕೆ ನಿಲ್ಲುತ್ತೆ ಅನ್ನೋದಕ್ಕೆ ಅಪ್ಪಾಜಿ ಹೇಳಿದ ಐದು ಕಾರಣಗಳನ್ನೇ ಕನ್ನಡದಲ್ಲಿ ಬರೆದು, ಚಿತ್ರ ಹಾಕಿ, ಲ್ಯಾಮಿನೇಷನ್ ಮಾಡಿಸೋ ಮೊದಲು ಅವರಿಗೊಮ್ಮೆ ತೋರಿಸೋಣ ಅಂತ ಗೌರಿ ಹಬ್ಬಕ್ಕೆ ಊರಿಗೆ ಹೊರಟ ಗೆಳೆಯನ ಕೈಲಿ ಕಳಿಸಿದೆವು. ಕನ್ನಡ ಸಂಘದವರಲ್ಲವೇ, ತಲೆಬರಹ ಭರ್ಜರಿಯಾಗಿತ್ತು: ‘ಪವನ ವಿದ್ಯುದುತ್ಪಾದಕ ಯಂತ್ರವು ಸ್ಥಗಿತಗೊಳ್ಳಲು ಕಾರಣಗಳು’.

ಹಬ್ಬ ಮುಗಿಸಿ ಹಾಳೆ ವಾಪಸ್ ಬಂತು, ನೀಲಿ ಪೆನ್ನಿನ ತಿದ್ದುಪಡಿಯೊಂದಿಗೆ. ತಲೆಬರಹ ಹೊಡೆದು ಹಾಕಿ ‘ಫ್ಯಾನು ಯಾಕೆ ನಿಲ್ಲುತ್ತೆ’ ಅಂತ ಬರೆದಿದ್ದರು. ‘ನೆಸೆಲ್’ ಹೋಗಿ ‘ಡಬ್ಬಿ’ ಆಗಿತ್ತು. ಕೇಬಲ್ ಸುತ್ತಿನ ಚಿತ್ರದ ಪಕ್ಕದಲ್ಲಿ ಒಂದು ಪುಟ್ಟ ಜಡೆ. ಕಡೆಯಲ್ಲಿ, ಸ್ವಲ್ಪ ಸೊಟ್ಟ ಅಕ್ಷರದಲ್ಲಿ, ನಾವು ಬರೆಯದ ಆರನೆಯ ಕಾರಣ: ‘ರೋಡು ಸರಿ ಇಲ್ಲ, ಕ್ರೇನು ಬಂದಿಲ್ಲ.’

ಹೊಸ ಪ್ರತಿ ಮಾಡಿಸಿ ಕಳಿಸಿದ್ದೇವೆ. ಬೇಲಿಗೆ ಕಟ್ಟೋಕೆ ಪರ್ಮಿಷನ್ ಬೇಕಂತೆ, ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಅದು ಅಪ್ಪಾಜಿಯ ಕ್ಯಾಬಿನ್ನಿನ ಒಳಗೋಡೆಯಲ್ಲಿದೆ. ನೀವು ಯಾವಾಗಲಾದರೂ ಆ ಗುಡ್ಡಕ್ಕೆ ಹೋದರೆ ಫೋಟೋ ತೆಗೆಯಿರಿ, ಬೇಡ ಅನ್ನಲ್ಲ. ಬಾಟಲಿ ವಾಪಸ್ ತನ್ನಿ. ಯಾವುದಾದರೂ ಫ್ಯಾನು ನಿಂತಿದ್ದರೆ ಕ್ಯಾಬಿನ್ನಿನಲ್ಲಿ ಕೂತವರನ್ನ ಯಾಕೆ ಅಂತ ಕೇಳಿ. ಅವರಿಗೆ ಗೊತ್ತಿರುತ್ತೆ.